ಟಿಪ್ಪರ್‌ಗೆ ದಿನಾ ನೈವೇದ್ಯ

ನವರಾತ್ರಿ ಹತ್ತಿರ ಬಂತೆಂದರೆ ದೇವರ ಮನೆಯ ಧೂಳು ಹೊಡೆಯುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಈ ಬೆಳಿಗ್ಗೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ಎಷ್ಟೋ ವರ್ಷದಿಂದ ಜರುಗಿಸದ ಮರದ ಮಂಟಪವನ್ನು ಗೋಡೆಯಿಂದ ಈಚೆಗೆ ಎಳೆದೆ. ಹಿಂದಿನ ಸಂದಿಯಿಂದ ಒಣಗಿದ ತುಳಸಿ ಕಡ್ಡಿ, ಒಂದು ಬೆಂಕಿಪೊಟ್ಟಣ, ಆಮೇಲೆ ಹಳದಿ ಬಣ್ಣದ ಪ್ಲಾಸ್ಟಿಕ್ ಚೂರೊಂದು ಉರುಳಿ ಬಂದವು. ಚೂರನ್ನು ಬೆಳಕಿಗೆ ಹಿಡಿದು ನೋಡಿದೆ. ಆಟದ ಟಿಪ್ಪರ್ ಲಾರಿಯ ಹಿಂಬಾಗಿಲು. ಅದರ ನಟ್ಟನಡುವೆ ಕಪ್ಪಗೆ ಒಣಗಿದ ಕುಂಕುಮದ ಬೊಟ್ಟು. ಮೂಗಿನ ಹತ್ತಿರ ತಂದರೆ ಕರ್ಪೂರದ ವಾಸನೆ. ಒಬ್ಬಳೇ ನಕ್ಕೆ. ದೇವರ ಮನೆಯಲ್ಲಿ ಒಬ್ಬೊಬ್ಬಳೇ ನಗುವುದು ಅಷ್ಟು ಚೆಂದವಲ್ಲ, ಒಪ್ಪುತ್ತೇನೆ. ಆದರೆ ಈ ಟಿಪ್ಪರ್‌ಗೆ ಒಂದು ಕಾಲದಲ್ಲಿ ನಮ್ಮ ಮನೆಯಲ್ಲಿ ದಿನಾ ದೀಪ, ಹೂವು, ನೈವೇದ್ಯ ನಡೆಯುತ್ತಿತ್ತು ಅಂದರೆ ನೀವೂ ನಗುತ್ತೀರಿ. ನಡೆಸುತ್ತಿದ್ದವಳು ನಾನೇ.

ನಮ್ಮದು ಸೂಲಿಬೆಲೆ ಕಡೆಯ ಒಂದು ಸಣ್ಣ ಊರು. ಒಂದಿಷ್ಟು ಹೊಲ, ಹಟ್ಟಿಯಲ್ಲಿ ಹಸುಗಳು, ನಮ್ಮ ಯಜಮಾನರಿಗೆ ಹೊಸಕೋಟೆಯ ಕಂಪನಿಯೊಂದರಲ್ಲಿ ಶಿಫ್ಟ್ ಕೆಲಸ. ಮನೆಯಲ್ಲಿ ಅವರು, ನಾನು, ನಮ್ಮ ಅತ್ತೆ, ಆಗಿನ್ನೂ ಒಂದನೇ ಕ್ಲಾಸಿನಲ್ಲಿದ್ದ ಮಗಳು ಗಾನವಿ. ದೇವರು ಕೊಟ್ಟದ್ದರಲ್ಲಿ ಕೊರತೆ ಇರಲಿಲ್ಲ. ಹಸು ಒದೆಯುತ್ತಿರಲಿಲ್ಲ, ಅತ್ತೆ ಅಪರೂಪಕ್ಕೆ ಒದೆಯುತ್ತಿದ್ದರು, ಅದೂ ಮಾತಿನಲ್ಲಿ. ಇದ್ದ ಒಂದೇ ತೊಂದರೆ ಅಂದರೆ ಆಟದ ಸಾಮಾನು.

ಬಂಧುಗಳ ಮನೆಗೆ ಬರಿಗೈಯಲ್ಲಿ ಹೋಗಬಾರದು ಅನ್ನುವುದು ನಮ್ಮ ಕಡೆಯ ಪದ್ಧತಿ. ನಾನು ಚಿಕ್ಕವಳಿದ್ದಾಗ ಬಂದವರು ಬಾಳೆಹಣ್ಣು ತರುತ್ತಿದ್ದರು. ತಿಂದರೆ ಮುಗಿಯಿತು, ಸಿಪ್ಪೆ ಹಸುವಿಗೆ. ಈಗ ಮಗು ಇರುವ ಮನೆಗೆ ಯಾರೂ ಬಾಳೆಹಣ್ಣು ತರುವುದಿಲ್ಲ. ನಮ್ಮ ನಾದಿನಿಯರು ಬಂದರೆ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಡಬ್ಬ. ಯಜಮಾನರು ಬಸ್‌ಸ್ಟ್ಯಾಂಡಿನಲ್ಲಿ ಮಾರುವವನನ್ನು ನೋಡಿ ಕನಿಕರಪಟ್ಟು ತಂದದ್ದು ಬೇರೆ. ರಿಮೋಟ್ ಕಾರು, ಹೊಟ್ಟೆ ಒತ್ತಿದರೆ ಮಾತಾಡುವ ಗೊಂಬೆ, ತಮಟೆ ಬಡಿಯುವ ಕೋತಿ, ಕೂದಲು ಉದುರಿದ ಇನ್ನೊಂದು ಗೊಂಬೆ, ಚಕ್ರವಿಲ್ಲದ ಬಸ್ಸು. ಇವನ್ನು ಸಿಪ್ಪೆ ಸುಲಿದು ಹಸುವಿಗೆ ಹಾಕಲು ಆಗುತ್ತದೆಯೇ? ಕಸ ಗುಡಿಸುವಾಗ ಪೊರಕೆಗೆ ಕಸಕ್ಕಿಂತ ಜಾಸ್ತಿ ಗೊಂಬೆಯ ಕೈಕಾಲು ಸಿಕ್ಕುತ್ತಿದ್ದವು. ಒಂದು ಸಂಜೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟವಳು ರಿಮೋಟ್ ಕಾರಿನ ಮೇಲೆ ಕಾಲಿಟ್ಟು, ನಡುಮನೆಯಿಂದ ಬಾಗಿಲವರೆಗೆ ಜಾರಿಕೊಂಡೇ ಹೋದೆ. ಹಾಲು ಚೆಲ್ಲಲಿಲ್ಲ, ಅದೊಂದು ದೇವರ ದಯೆ. ಅಲ್ಲೇ ನಿಂತು ತೀರ್ಮಾನ ಮಾಡಿದೆ.

ಅತ್ತೆಯ ಹಳೆಯ ಬಿದಿರಿನ ಮೊರವೊಂದು ರಾಗಿ ಕೇರುವ ಕೆಲಸದಿಂದ ನಿವೃತ್ತಿಯಾಗಿ ಅಟ್ಟದಲ್ಲಿತ್ತು. ಅದನ್ನು ಇಳಿಸಿ ಗಾನವಿಯ ಮುಂದಿಟ್ಟೆ.

"ನೋಡೇ, ಇದರಲ್ಲಿ ಎಷ್ಟು ಹಿಡಿಸುತ್ತೋ ಅಷ್ಟು ನಿಂದು. ಮಿಕ್ಕಿದ್ದು ಹಬ್ಬ ಆದ್ಮೇಲೆ ಜಯಮ್ಮಜ್ಜಿ ಮನೆಗೆ."

ಜಯಮ್ಮ ಅಂದರೆ ಪಕ್ಕದ ಮನೆಯವರು. ಅವರ ಮನೆ ತುಂಬ ಮೊಮ್ಮಕ್ಕಳು. ಒಂದು ಚೀಲ ಆಟದ ಸಾಮಾನು ಕೊಡುತ್ತೇನೆ ಅಂದಾಗ ಅವರು "ಆಯ್ತು ಕಣವ್ವ" ಅಂದಿದ್ದರು, ಸ್ವಲ್ಪ ತಡವಾಗಿ. ಆ ತಡ ಯಾಕೆ ಅಂತ ನನಗೆ ಆಗ ಹೊಳೆಯಲಿಲ್ಲ.

ಗಾನವಿ ಅಳಲಿಲ್ಲ. ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಸುಮ್ಮನೆ ಕೂತು ಮೊರದಲ್ಲಿ ಜೋಡಿಸತೊಡಗಿದಳು. ಟಿಪ್ಪರ್ ತಳದಲ್ಲಿ, ಟಿಪ್ಪರಿನೊಳಗೆ ಅಡುಗೆ ಸೆಟ್ಟು, ಅಡುಗೆ ಸೆಟ್ಟಿನ ಮೇಲೆ ಬಸ್ಸು, ಬಸ್ಸಿನ ಮೇಲೆ ಕೋತಿ. ಮೊರದ ಮೇಲೆ ಒಂದು ಗುಡ್ಡ ಎದ್ದಿತು.

"ಹಿಡಿಸ್ತಲ್ಲಮ್ಮ!"

"ಇದು ಹಿಡಿಸಿದ್ದಲ್ಲ, ಪೇರಿಸಿದ್ದು."

ಅತ್ತೆ ಎಲೆಯಡಿಕೆ ಜಗಿಯುತ್ತಾ, "ಬಿಡವ್ವ, ಗೌಡ್ರ ಮನೆ ಕೂಸು. ರಾಗಿ ಅಳೆಯೋವಾಗ್ಲೂ ನಾವು ಸೇರಿನ ಮ್ಯಾಲೆ ರಾಶಿ ಬರಂಗೇ ಅಳೀತೀವಿ," ಅಂದರು. ಅತ್ತೆ ಯಾರ ಪಕ್ಷ ಅನ್ನುವುದು ಅಲ್ಲಿಗೇ ಗೊತ್ತಾಗಬೇಕಿತ್ತು. ನಾನು ಬಗ್ಗಲಿಲ್ಲ. ಆಯುಧಪೂಜೆ ಮುಗಿಯಲಿ, ವಿಜಯದಶಮಿ ಬೆಳಿಗ್ಗೆ ಚೀಲ ಕಟ್ಟುವುದೇ ಸೈ ಅಂದೆ. ಮಗಳು ಟಿಪ್ಪರ್ ಅನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನಮ್ಮ ರಸ್ತೆಯಲ್ಲಿ ಲೇಔಟುಗಳಿಗೆ ಮಣ್ಣು ಹೊರುವ ಟಿಪ್ಪರ್‌ಗಳು ಓಡಾಡುವುದನ್ನು ನೋಡಿ ನೋಡಿ, ದೊಡ್ಡವಳಾದ ಮೇಲೆ ಟಿಪ್ಪರ್ ಓಡಿಸುತ್ತೇನೆ ಅನ್ನುತ್ತಿದ್ದ ಮಗು ಅದು. ಆಟಿಕೆಗಳ ಗುಡ್ಡ ಕೆಡವಿ ಸಮ ಮಾಡಿದರೆ ಮೊರದಲ್ಲಿ ಟಿಪ್ಪರ್ ಒಂದೇ ಅರ್ಧ ಜಾಗ ಹಿಡಿಯುತ್ತಿತ್ತು. ಅದನ್ನು ಇಟ್ಟುಕೊಂಡರೆ ಉಳಿದವು ಹೋಗಬೇಕು, ಉಳಿದವನ್ನು ಇಟ್ಟುಕೊಂಡರೆ ಅದು.

ಆಯುಧಪೂಜೆ ಬಂತು. ನಡುಮನೆಯ ಗೋಡೆಗೆ ಮಣೆ ಹಾಕಿ ಮಚ್ಚು, ಕುಡುಗೋಲು, ಗುದ್ದಲಿ, ಹಾಲಿನ ಕ್ಯಾನು, ಯಜಮಾನರ ಸ್ಪ್ಯಾನರ್ ಎಲ್ಲ ತೊಳೆದು ಜೋಡಿಸಿದೆವು. ಹೊರಗೆ ಬೈಕಿಗೆ ಹಾರ, ಬಾಗಿಲಿಗೆ ಬೂದುಗುಂಬಳಕಾಯಿ. ಮಂಗಳಾರತಿ ಆಗಿ ಕಡ್ಲೆಪುರಿ ಹಂಚುತ್ತಿದ್ದೆ, ಅಷ್ಟರಲ್ಲಿ ಜಯಮ್ಮ ಬಂದರು. ಬಾಳೆಕಂದು ಕಡಿಯಲು ಅವರಿಗೆ ಮಚ್ಚು ಬೇಕಿತ್ತಂತೆ.

"ಪೂಜೆಗೆ ಕೂತೈತೆ ಕಣಕ್ಕ," ಅಂದೆ ನಾನು, ನನಗೇ ಇಷ್ಟವಾಗುವ ಒಂದು ಗಂಭೀರ ದನಿಯಲ್ಲಿ. "ನಾಳೆ ಕದಲಿಸೋವರೆಗೂ ಮುಟ್ಟಂಗಿಲ್ಲ, ಆಚೆಗೆ ಕೊಡಂಗಿಲ್ಲ. ತಪ್ಪು ತಿಳ್ಕೋಬೇಡಿ."

ಕದಲಿಸುವುದು ಗೊತ್ತಲ್ಲ? ಪೂಜೆಗೆ ಕೂರಿಸಿದ ಕಳಶವನ್ನೋ ಫೋಟೋವನ್ನೋ ಕೊನೆಯಲ್ಲಿ ಎರಡೂ ಕೈಯಲ್ಲಿ ಹಿಡಿದು, ಉತ್ತರದ ಕಡೆಗೆ ಒಂದು ಚೂರು ಸರಿಸುತ್ತೇವೆ. ಅಷ್ಟೇ. ಅಷ್ಟು ಮಾಡಿದರೆ ಪೂಜೆ ಮುಗಿದಂತೆ, ಆಮೇಲೆ ತೆಗೆಯಬಹುದು, ತೊಳೆಯಬಹುದು, ಕೊಡಬಹುದು. ಅದನ್ನು ಮಾಡದೆ ಮುಟ್ಟಿದರೆ ದೇವರು ಕೂತಿರುವಾಗಲೇ ಎಬ್ಬಿಸಿದ ಹಾಗೆ. ಈ ವಿಷಯದಲ್ಲಿ ನಾನು ನಮ್ಮ ಊರಿನ ಪೂಜಾರಪ್ಪನಿಗಿಂತ ಒಂದು ಕೈ ಮೇಲು. ದೀಪ ಹಚ್ಚಿದ ಮೇಲೆ ಕಸ ಗುಡಿಸುವವಳಲ್ಲ, ಶುಕ್ರವಾರ ಮೊಸರು ಕೊಡುವವಳಲ್ಲ. ಜಯಮ್ಮನಿಗೆ ಹೇಳಿದ ಆ ಮಾತನ್ನು, ಪುರಿಯಲ್ಲಿ ಕಡ್ಲೆ ಆರಿಸಿ ತಿನ್ನುತ್ತಿದ್ದ ಮಗಳು ಕಿವಿ ಕೊಟ್ಟು ಕೇಳಿಸಿಕೊಂಡಳು ಅನ್ನುವುದು ಮಾತ್ರ ನನ್ನ ಗಮನಕ್ಕೆ ಬರಲಿಲ್ಲ.

ಕ್ಯಾನು ಪೂಜೆಗೆ ಕೂತಿತ್ತಲ್ಲ, ನಾನು ಬಿಂದಿಗೆಯಲ್ಲೇ ಡೈರಿಗೆ ಹಾಲು ಒಯ್ದು ಹಾಕಿ ವಾಪಸ್ಸು ಬಂದೆ. ನಮ್ಮ ಮಣೆಯ ಪಕ್ಕದಲ್ಲಿ ಇನ್ನೊಂದು ಮಣೆ. ಅದರ ಮೇಲೆ ಟಿಪ್ಪರ್, ಟಿಪ್ಪರಿನ ಎಡಬಲಕ್ಕೆ ರಿಮೋಟ್ ಕಾರು, ಬಸ್ಸು, ಕೋತಿ, ಮಾತಾಡುವ ಗೊಂಬೆ, ಬೋಡು ಗೊಂಬೆ, ಒಂದೂ ಬಿಡದ ಹಾಗೆ. ಎಲ್ಲದರ ಹಣೆಗೂ ಅರಿಶಿನ ಕುಂಕುಮ. ಹಣೆ ಇಲ್ಲದವಕ್ಕೆ ಬಾಗಿಲಿಗೆ. ಟಿಪ್ಪರಿನ ಮುಂದಿನ ಚಕ್ರಕ್ಕೆ ನಿಂಬೆಹಣ್ಣು. ಗಾನವಿ ಕಣ್ಣು ಮುಚ್ಚಿ ಗಂಟೆ ಬಾರಿಸುತ್ತಿದ್ದಳು, ನಮ್ಮ ಅತ್ತೆ ಕರ್ಪೂರ ಹಚ್ಚಿದ ತಟ್ಟೆ ಹಿಡಿದು ಆರತಿ ಎತ್ತುತ್ತಿದ್ದರು. ನಾನು ಏನು ಮಾಡಿದೆ ಅಂತ ಕೇಳುತ್ತೀರಾ? ಆರತಿ ಕಂಡರೆ ಕೈ ತಾನಾಗಿ ಮುಗಿಯುತ್ತದೆ. ಕಣ್ಣಿಗೆ ಒತ್ತಿಕೊಂಡೆ.

ಮಾರನೆಯ ಬೆಳಿಗ್ಗೆ ಮಚ್ಚು ಗುದ್ದಲಿಗಳನ್ನು ಕದಲಿಸಿದೆ. ಅದೇ ಕೈಯಲ್ಲಿ ಟಿಪ್ಪರ್ ಕಡೆಗೆ ಹೋದಾಗ ಮಗಳು ಅಡ್ಡ ಬಂದಳು.

"ಅದು ನನ್ ಪೂಜೆ! ನೀನು ಕದಲಿಸ್ಬೇಡ!"

"ಸರಿ, ನೀನೇ ಕದಲಿಸು."

"ಕದಲಿಸಲ್ಲ."

ಅತ್ತೆಯ ಕಡೆ ತಿರುಗಿದೆ. ಮನೆಯ ಹೈಕೋರ್ಟು ಅಲ್ಲಿದೆಯಲ್ಲ. ಅತ್ತೆ ಬಾಯೊಳಗಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸಾಗಿಸಿ, "ಯಾರು ಕೂರ್ಸುದ್ರೋ ಅವ್ರೇ ಕದಲಿಸ್ಬೇಕು ಕಣವ್ವ. ನಿಂಗೆ ಗೊತ್ತಿಲ್ದಿರೋದಾ?" ಅಂದರು. ಅದೂ ಒಂದು ಶಾಸ್ತ್ರವೇ ಅಥವಾ ಅತ್ತೆ ಆ ಕ್ಷಣಕ್ಕೆ ಹೊಸೆದದ್ದೇ ಎಂದು ಇವತ್ತಿನವರೆಗೂ ನನಗೆ ಗೊತ್ತಾಗಿಲ್ಲ. ಯಜಮಾನರ ಕಡೆ ನೋಡಿದೆ. ಅವರು ಬೈಕಿನ ಹಾರ ಬಿಚ್ಚುವ ನೆಪದಲ್ಲಿ ಹೊರಗೆ ಹೋಗಿ ಅಲ್ಲೇ ಭುಜ ಕುಣಿಸಿ ನಗುತ್ತಿದ್ದರು.

ಹೀಗೆ ನಾನು ಸಿಕ್ಕಿಬಿದ್ದೆ. ಕದಲಿಸದ ಪೂಜೆಯ ಮುಂದೆ ದೀಪ ಇಡದೆ ಇರಲಾಗುತ್ತದೆಯೇ? ಬೆಳಿಗ್ಗೆ ದೇವರ ಮನೆಯ ದೀಪ ಹಚ್ಚಿ, ಅದೇ ಬತ್ತಿಯಿಂದ ಟಿಪ್ಪರಿನ ಮುಂದೂ ಒಂದು ಹಚ್ಚುತ್ತಿದ್ದೆ. ಕನಕಾಂಬರ ಮಿಕ್ಕರೆ ಬೋಡು ಗೊಂಬೆಗೆ. ಪಾಪ, ಅವಳ ತಲೆಗೆ ಹೂ ನಿಲ್ಲುತ್ತಿರಲಿಲ್ಲ, ಕಾಲಿನ ಹತ್ತಿರ ಇಡುತ್ತಿದ್ದೆ. ಸಂಜೆಯಾದರೆ ಪೂಜಾರಿಣಿ ಬಂದು ನಿಲ್ಲುತ್ತಿದ್ದಳು: "ಅಮ್ಮ, ನೈವೇದ್ಯ?" ಟಿಪ್ಪರಿನ ದೇವರಿಗೆ ಕ್ರೀಮ್ ಬಿಸ್ಕತ್ತು ಇಷ್ಟವಂತೆ, ಉಪ್ಪಿಟ್ಟು ಆಗದಂತೆ. ದೇವರು ತಿಂದು ಬಿಟ್ಟದ್ದನ್ನು ಯಾರು ತಿನ್ನುತ್ತಿದ್ದರು ಎಂದು ನಾನು ಹೇಳಬೇಕಾಗಿಲ್ಲ.

ಜಯಮ್ಮ ಬಂದಾಗ ನನಗೆ ನಾಚಿಕೆಯೇ ಆಯಿತು. "ಅಕ್ಕ, ನಿಮಗೆ ಕೊಡ್ತೀನಿ ಅಂದಿದ್ದ ಸಾಮಾನು…" ಎಂದು ಮಣೆಯ ಕಡೆ ಕೈ ತೋರಿಸಿದೆ. ಅವರು ದೀಪ ನೋಡಿದರು, ಚಪ್ಪಲಿ ಹೊರಗೆ ಬಿಟ್ಟು ಬಂದು ಕೋತಿಯ ಮುಂದೆ ಬಗ್ಗಿ ನಮಸ್ಕಾರ ಮಾಡಿದರು. "ಅಯ್ಯೋ, ದೇವ್ರು ಕೂತವ್ನೆ, ಏನ್ ಅವಸ್ರ? ನಿಧಾನ್ಕಾಗ್ಲಿ ಬಿಡವ್ವ," ಅಂದರು. ಅವರ ಮುಖದಲ್ಲಿ ಒಂದು ನೆಮ್ಮದಿ ಕಂಡಿತು. ಭಕ್ತಿ ಇರಬೇಕು ಅಂದುಕೊಂಡೆ.

ಆದರೆ ಪೂಜಾರಿಣಿಯೂ ಸಿಕ್ಕಿಬಿದ್ದಿದ್ದಳು. ಟಿಪ್ಪರ್ ಎತ್ತಿಕೊಂಡು ಆಡಲು ಹೋದ ದಿನ ಅತ್ತೆ ಕೈ ಹಿಡಿದು ನಿಲ್ಲಿಸಿದರು.

"ಪೂಜೆಗ್ ಕೂತಿರೋದ್ನ ಆಡ್ತಾರಾ ಮಗಾ? ನಿಮ್ಮವ್ವ ಮಚ್ಚು ಕೊಡ್ಲಿಲ್ಲ ಜಯಮ್ಮಂಗೆ, ನೋಡ್ಲಿಲ್ವಾ?"

ಮಗುವಿನ ಮುಖ ನೋಡಬೇಕಿತ್ತು. ಅತ್ತೆ ಇಬ್ಬರಿಗೂ ಒಟ್ಟಿಗೆ ಗಂಟು ಹಾಕಿ, ನಡುವೆ ಕೂತು ಅಡಿಕೆ ಕತ್ತರಿಸುತ್ತಿದ್ದರು.

ಆಟಿಕೆ ಇಲ್ಲದ ಮಗು ಕಡ್ಡಿ ಕಲ್ಲು ಹಿಡಿದು ಎಷ್ಟು ಸುಖವಾಗಿ ಆಡಿತು ಎಂದು ನಾನು ಈಗ ಹೇಳುತ್ತೇನೆಂದು ನೀವು ಕಾಯುತ್ತಿರಬಹುದು. ಹಾಗೇನೂ ಆಗಲಿಲ್ಲ. ಸೌಟುಗಳು ಆಟದ ಸಾಮಾನಾದವು, ಬಟ್ಟೆಗೆ ಹಾಕುವ ಕ್ಲಿಪ್ಪುಗಳು ರೈಲಾದವು, ಯಜಮಾನರ ಹೆಲ್ಮೆಟ್ಟು ಕೋಳಿಗೂಡಾಯಿತು, ಒಳಗೆ ಕೋಳಿಯ ಸಮೇತ. ಕುಕ್ಕರಿನ ವಿಷಲ್ ಕಾಣದೆ ನಾನು ಬೇಳೆಯನ್ನು ಪಾತ್ರೆಯಲ್ಲಿ ಬೇಯಿಸಿದೆ. ಮೊದಲು ಮನೆಯಲ್ಲಿ ಆಟಿಕೆ ಜಾಸ್ತಿಯಾಗಿದ್ದವು, ಈಗ ಮನೆಯೇ ಆಟಿಕೆಯಾಯಿತು. ಇದಕ್ಕೆ ಯಾವ ಮೊರ ಇಡಲಿ?

ಕೊನೆಗೆ ಬಿಕ್ಕಟ್ಟು ಬಿಡಿಸಿದ್ದು ಇನ್ನೊಂದು ಟಿಪ್ಪರ್. ಎದುರು ಮನೆಯವರು ಕೊಟ್ಟಿಗೆ ಕಟ್ಟಿಸಲು ಮರಳು ತರಿಸಿದರು. ನಿಜವಾದ ಟಿಪ್ಪರ್ ಹಿಂದಕ್ಕೆ ಬಂದು, ಬೆನ್ನು ಎತ್ತಿ, ನಮ್ಮ ಬಾಗಿಲ ಎದುರಿಗೇ ಒಂದು ಗುಡ್ಡ ಸುರಿದು ಹೋಯಿತು. ಬೀದಿಯ ಮಕ್ಕಳೆಲ್ಲ ಮರಳಿಗೆ ಬಿದ್ದರು. ಗಾನವಿ ಮಾತ್ರ ಜಗುಲಿಯ ಮೇಲೆ ಗಲ್ಲಕ್ಕೆ ಕೈ ಕೊಟ್ಟು ಕೂತಳು. ಹೊಸ ಮರಳು, ಒಳಗೆ ಟಿಪ್ಪರ್, ನಡುವೆ ದೇವರು.

ಸ್ವಲ್ಪ ಹೊತ್ತಿಗೆ ತಾನೇ ಕೈಕಾಲು ತೊಳೆದುಕೊಂಡು ಒಳಗೆ ಬಂದಳು.

"ಅಜ್ಜಿ, ಟಿಪ್ಪರ್ ಒಂದನ್ನೇ ಕದಲಿಸಬೋದಾ?"

"ಪೂಜೆ ಒಂದೇ ಅಲ್ವಾ ಮಗಾ? ಒಂದು ಕದಲುದ್ರೆ ಎಲ್ಲಾ ಕದಲ್ದಂಗೆ. ಯೋಚ್ನೆ ಮಾಡು."

ಅವಳು ಯೋಚನೆ ಮಾಡಿದಳು. ಆಮೇಲೆ ಅಜ್ಜಿಯನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಕದಲಿಸಿದ ತಕ್ಷಣ ಚೀಲಕ್ಕೆ ಹಾಕ್ತೀಯಾ ಅಮ್ಮ?"

ಹೌದು ಅನ್ನಲು ಬಾಯಿ ತೆರೆದೆ. ಚೀಲ ಬಾಗಿಲ ಹಿಂದೆ ಮಡಚಿ ಸಿದ್ಧವಾಗಿಯೇ ಇತ್ತು. ಆದರೆ ಅಷ್ಟು ದಿನ ನಾನೇ ದೀಪ ಹಚ್ಚಿದ ಸಾಮಾನು. ಆ ಬೋಡು ಗೊಂಬೆಗೆ ಬೆಳಿಗ್ಗೆ ನಾನೇ ಹೂವಿಟ್ಟಿದ್ದೆ. ಆಲೂಗಡ್ಡೆಯ ಹಾಗೆ ಅದನ್ನು ಚೀಲಕ್ಕೆ ಸುರಿಯುವುದು ಹೇಗೆ? ಅದೂ ಅಲ್ಲದೆ, ನಾನು ಚೀಲಕ್ಕೆ ಹಾಕಿದ್ದನ್ನು ಅವಳು ಕೊಟ್ಟಂತೆ ಆಗುತ್ತದೆಯೇ? ಕಿತ್ತುಕೊಂಡಂತೆ ಆಗುತ್ತದೆ, ಅಷ್ಟೇ.

"ನೀನು ಕೂರಿಸಿದ್ದು," ಅಂದೆ. "ಯಾವ್ದು ಇರ್ಬೇಕು, ಯಾವ್ದು ಹೋಗ್ಬೇಕು, ನೀನೇ ಹೇಳು. ನಾನು ಮುಟ್ಟಲ್ಲ."

ಅವಳು ನನ್ನ ಮುಖವನ್ನು ಒಂದು ಕ್ಷಣ ಪರೀಕ್ಷೆ ಮಾಡಿದಳು. ಆಮೇಲೆ ಎರಡೂ ಕೈಯಲ್ಲಿ ಟಿಪ್ಪರ್ ಹಿಡಿದು, ನಾನು ಕಳಶಕ್ಕೆ ಮಾಡುವ ಹಾಗೆಯೇ ತುಟಿ ಅಲುಗಿಸಿ, ಉತ್ತರಕ್ಕೆ ಒಂದು ಚೂರು ಸರಿಸಿದಳು. ಅದರ ಹಿಂಬಾಗಿಲು ಕಳಚಿ ದೇವರ ಮನೆಯ ಕಡೆ ಎಲ್ಲೋ ಉರುಳಿತು. ಯಾರೂ ಹುಡುಕಲಿಲ್ಲ.

ಆರಿಸಿದಳು ನೋಡಿ! ಟಿಪ್ಪರ್ ತನಗೆ. ಬೋಡು ಗೊಂಬೆ ತನಗೆ. ಚಕ್ರವಿಲ್ಲದ ಬಸ್ಸೂ ತನಗೇ. ರಿಮೋಟ್ ಕಾರು, ಮಾತಾಡುವ ಗೊಂಬೆ, ಇನ್ನೂ ಹೊಳೆಯುತ್ತಿದ್ದವೆಲ್ಲ ಹೋಗಬೇಕಾದವು.

"ಏಯ್, ಆ ಕಾರು ಹೊಸದು ಕಣೇ! ಅದನ್ನ ಇಟ್ಕೊಂಡು ಬಸ್ಸು ಕೊಡೇ!" ಎಂದು ಕೂಗಿದವಳು ನಾನೇ. ಅತ್ತೆ ತಲೆ ಎತ್ತಿ, "ಮುಟ್ಟಲ್ಲ ಅಂದೆಯಲ್ಲವ್ವ?" ಅಂದರು.

ಪೂಜೆ ಮಾಡಿದ ಮೇಲೆ ಪ್ರಸಾದ ಹಂಚಬೇಕಲ್ಲ. ಚೀಲ ಬೇಡವಂತೆ. ಸ್ಟೀಲ್ ತಟ್ಟೆಗಳಲ್ಲಿ ಒಂದೊಂದು ಆಟಿಕೆ, ಪಕ್ಕದಲ್ಲಿ ಒಂದು ಹಿಡಿ ಪುರಿ, ಒಂದು ಎಸಳು ಹೂವು ಇಟ್ಟುಕೊಂಡು ಬೀದಿಯ ಮನೆ ಮನೆಗೆ ಹೋಗಿ, "ಪ್ರಸಾದ ತಗೊಳ್ಳಿ," ಅಂದಳಂತೆ. ಪ್ರಸಾದವನ್ನು ಯಾರು ಬೇಡ ಅನ್ನುತ್ತಾರೆ? ಎಲ್ಲರೂ ಕಣ್ಣಿಗೆ ಒತ್ತಿಕೊಂಡು ಇಸಿದುಕೊಂಡರು. ಆ ಸಂಜೆ ನಡುಮನೆ ಗುಡಿಸಿದಾಗ ಪೊರಕೆಗೆ ಬರೀ ಕಸ ಸಿಕ್ಕಿತು. ದೇವರಿಗೆ ಒಂದು ತುಪ್ಪದ ದೀಪ ಜಾಸ್ತಿ ಹಚ್ಚಿದೆ.

ಹಚ್ಚಬಾರದಿತ್ತು. ಮಾರನೆಯ ದಿನ ತಟ್ಟೆಗಳು ವಾಪಸ್ಸು ಬಂದವು.

ಕೊಟ್ಟ ತಟ್ಟೆಯನ್ನು ಖಾಲಿ ವಾಪಸ್ಸು ಕಳಿಸಬಾರದು ಅನ್ನುವುದೂ ನಮ್ಮ ಕಡೆಯ ಪದ್ಧತಿ, ಮರೆತೇಬಿಟ್ಟಿದ್ದೆ. ಒಂದು ಚಮಚ ಸಕ್ಕರೆ ಹಾಕಿದ್ದರೆ ಸಾಕಿತ್ತು. ಮೊದಲು ಬಂದ ಜಯಮ್ಮನ ತಟ್ಟೆಯಲ್ಲಿ ಒಂದು ಕಣ್ಣಿನ ಟೆಡ್ಡಿ ಕರಡಿ ಕೂತಿತ್ತು. ಎದುರು ಮನೆಯಿಂದ ಗುಂಯ್ ಅನ್ನುವ ಒಂದು ಹೆಲಿಕಾಪ್ಟರ್. ಇನ್ನೊಂದು ಮನೆಯವರು ತಟ್ಟೆ ಸಾಲದೆ ತಮ್ಮದೇ ಪರಾತ ಕೊಟ್ಟು ಕಳಿಸಿದ್ದರು.

"ಏನಕ್ಕ ಇದು?" ಅಂದೆ ಜಯಮ್ಮನಿಗೆ.

"ಪ್ರಸಾದ ಬಂದ ತಟ್ಟೇನ ಖಾಲಿ ಕಳ್ಸಕಾಗ್ತದಾ?" ಅಂದರು ಅವರು, ನಗು ತಡೆಯಲಾರದೆ. ಆಮೇಲೆ ಹತ್ತಿರ ಬಂದು, "ನಮ್ಮನೇಲೂ ಕಾಲಿಡಕ್ ಜಾಗ ಇಲ್ಲ ಕಣೇ. ಒಂದು ಚೀಲ ಕೊಡ್ತೀನಿ ಅಂತ ಅವತ್ತು ನೀನಂದಾಗ ನನ್ನೆದೆ ಧಸಕ್ಕಂತು. ಬ್ಯಾಡ ಅನ್ನಕ್ಕೆ ಬಾಯಿ ಬರ್ಲಿಲ್ಲ. ನಿನ್ ಮಗ್ಳು ಪೂಜೆಗ್ ಕೂರ್ಸಿದ್ಲು, ಬಚಾವಾದೆ," ಅಂದರು.

ನಾವಿಬ್ಬರೂ ಬಾಗಿಲ ಹತ್ತಿರ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮನೆ ಮನೆಯಲ್ಲೂ ಒಬ್ಬೊಬ್ಬಳು ತಾಯಿ, ಕೈಯಲ್ಲಿ ಪೊರಕೆ ಹಿಡಿದು, ತನ್ನೊಬ್ಬಳದೇ ಈ ಪಾಡು ಎಂದು ಕೂತಿದ್ದಳು ನೋಡಿ. ಆ ಕಾರ್ತಿಕ ಮಾಸವಿಡೀ ನಮ್ಮ ಬೀದಿಯಲ್ಲಿ ತಟ್ಟೆಗಳು ಓಡಾಡಿದವು. ಹೆಲಿಕಾಪ್ಟರ್ ಒಂದು ವಾರ ನಮ್ಮಲ್ಲಿದ್ದು ಜಯಮ್ಮನ ಮನೆಗೆ ಹಾರಿತು, ರಿಮೋಟ್ ಕಾರು ಊರೆಲ್ಲ ಸುತ್ತಿ ನಮ್ಮ ಮನೆಗೂ ಒಮ್ಮೆ ನೆಂಟನ ಹಾಗೆ ಬಂದು ಹೋಯಿತು. ಗಾನವಿ ಒಂದನ್ನು ಇಟ್ಟುಕೊಂಡರೆ ಒಂದನ್ನು ತಾನೇ ತಟ್ಟೆಗೆ ಹಾಕುತ್ತಿದ್ದಳು. ನಾನು ಬಾಯಿ ಬಿಡುತ್ತಿರಲಿಲ್ಲ. ಮೊರವನ್ನು ಅತ್ತೆ ಕೋಳಿಗೂಡಿನ ಬಾಯಿಗೆ ಮುಚ್ಚಲು ತೆಗೆದುಕೊಂಡು ಹೋದರು.

ಇಷ್ಟೆಲ್ಲ ನೆನೆಯುತ್ತಾ ಕೂತವಳು ಎಷ್ಟು ಹೊತ್ತು ಕೂತೆನೋ. ಗಾನವಿ ಬಾಗಿಲಲ್ಲಿ ನಿಂತಿದ್ದಳು. ಈಗ ಹೊಸಕೋಟೆಯಲ್ಲಿ ಕಾಲೇಜು, ಇವತ್ತು ರಜೆ.

"ಅಮ್ಮ, ಇದೇನು ಸಂತೆ?"

ಆಗ ನನ್ನ ಸುತ್ತ ನೋಡಿಕೊಂಡೆ. ಧೂಳು ಹೊಡೆಯಲೆಂದು ಗೋಡೆಯಿಂದ ಇಳಿಸಿದ ಫೋಟೋಗಳು ನಡುಮನೆಯವರೆಗೆ ಹರಡಿದ್ದವು. ಹೋದ ಹೋದ ಕ್ಷೇತ್ರದಿಂದ ತಂದದ್ದು, ಗೃಹಪ್ರವೇಶಗಳಲ್ಲಿ ಕೊಟ್ಟದ್ದು, ಎಣ್ಣೆಯ ಡಬ್ಬದ ಜೊತೆ ಪುಕ್ಕಟೆ ಬಂದ ಗಣಪ, ವರ್ಷ ಮುಗಿದರೂ ದೇವರು ಮುಗಿಯಲಿಲ್ಲ ಎಂದು ಇಟ್ಟುಕೊಂಡ ಕ್ಯಾಲೆಂಡರುಗಳು. ಒಬ್ಬನೇ ವೆಂಕಟರಮಣ ಎಷ್ಟು ಸೈಜಿನಲ್ಲಿ! ಹಳೆಯ ಫೋಟೋಗಳನ್ನು ಅರಳಿಕಟ್ಟೆಯಲ್ಲಿ ಇಟ್ಟು ಬರೋಣ ಎಂದು ಯಜಮಾನರು ಎಷ್ಟೋ ವರ್ಷದಿಂದ ಹೇಳುತ್ತಲೇ ಇದ್ದಾರೆ. ಹೇಳಿದಾಗೆಲ್ಲ ನಾನು ಮುನಿಸಿಕೊಂಡಿದ್ದೇನೆ.

"ಪೂಜೆ ಆಗಿರೋದು ಕಣೇ, ಹೆಂಗೆ ಆಚೆಗೆ ಕಳ್ಸೋದು?" ಅಂದೆ, ಅವಳು ಕೇಳುವ ಮೊದಲೇ.

ಅವಳು ಒಳಗೆ ಹೋಗಿ ಒಗೆದಿಟ್ಟ ಒಂದು ಬಟ್ಟೆಯ ಚೀಲ ತಂದು ನನ್ನ ಪಕ್ಕದಲ್ಲಿ ಬಾಯಿ ತೆರೆದು ಇಟ್ಟಳು. "ಅರಳಿಕಟ್ಟೆಗೆ ನಾನು ತಗೊಂಡು ಹೋಗ್ತೀನಿ. ಯಾವ್ದು ಅಂತ ನಾನು ಹೇಳಲ್ಲ, ಅಪ್ಪಂಗೂ ಹೇಳೋಕ್ ಬಿಡಲ್ಲ," ಅಂದು, ನೆಲದ ಮೇಲೆ ಕೂತು ಗಾಜುಗಳನ್ನು ಒರೆಸತೊಡಗಿದಳು.

ನಾನು ಒಂದು ಹಳೆಯ ಲಕ್ಷ್ಮಿಯ ಕ್ಯಾಲೆಂಡರನ್ನು ಎತ್ತಿಕೊಂಡೆ. ಕಣ್ಣಿಗೆ ಒತ್ತಿಕೊಂಡೆ. ಉತ್ತರಕ್ಕೆ ಒಂದು ಚೂರು ಸರಿಸಿದೆ. ಚೀಲಕ್ಕೆ ಹಾಕಿದೆ. ತೆಗೆದೆ. ಅಮ್ಮನವರ ಮುಖ ನೋಡಿದೆ, ಮತ್ತೆ ಹಾಕಿದೆ. ಗಾನವಿ ತಲೆ ಎತ್ತಲಿಲ್ಲ. ನಡುಮನೆಯ ಮಂಚದಿಂದ, ಈಗ ಕಣ್ಣು ಮಂಜಾದರೂ ಕಿವಿ ಮಂಜಾಗದ ನಮ್ಮ ಅತ್ತೆಯ ಕೂಗು ಬಂತು:

"ಯಾವ ದೇವ್ರನ್ನ ಕಳುಸ್ತಾ ಇದ್ದೀರ್ರೇ? ನನ್ ಕೇಳ್ದೆ ತಿಮ್ಮಪ್ಪನ್ನ ಮುಟ್ಟಿದ್ರೆ ನೋಡಿ!"

"ಅವನು ಇಲ್ಲೇ ಅವ್ನೆ ಅತ್ತೆ, ಎಲ್ಲಾ ಸೈಜಲ್ಲೂ," ಅಂದೆ.

ಚೀಲದಲ್ಲಿ ಸದ್ಯಕ್ಕೆ ಲಕ್ಷ್ಮಿ ಒಬ್ಬಳೇ ಇದ್ದಾಳೆ. ಹಬ್ಬಕ್ಕೆ ಇನ್ನೂ ದಿನವಿದೆ, ಯಾರೂ ಅವಸರ ಮಾಡುತ್ತಿಲ್ಲ. ಅದೂ ಒಂದು ದೇವರ ದಯೆಯೇ.